ಮತ್ತೆ ಮತ್ತೆ ಏಳುವ ಕುರು: ಪದೇ ಪದೇ ಕೇಳುವ ಪ್ರಶ್ನೆಗಳು

ಕುರು ಎಂದರೆ ನಿಖರವಾಗಿ ಏನು? ಮೊಡವೆಗೂ ಅದಕ್ಕೂ ಇರುವ ವ್ಯತ್ಯಾಸವೇನು?

ಮೈಮೇಲಿನ ಪ್ರತಿಯೊಂದು ಕೂದಲೂ ಚರ್ಮದೊಳಗೆ ಇಳಿದಿರುವ ಒಂದು ಸಣ್ಣ ಕೊಳವೆಯಿಂದ ಬೆಳೆದು ಬರುತ್ತದೆ. ಅದನ್ನು ರೋಮಕೂಪ ಎನ್ನುತ್ತಾರೆ. ಈ ಕೂಪದ ಬಾಯಿಗೆ ಮಾತ್ರ ಸೋಂಕು ತಗುಲಿದರೆ ಸೂಜಿಯ ತಲೆಯಷ್ಟು ಕೀವುಗುಳ್ಳೆ ಎದ್ದು, ಕೆಲವೇ ದಿನಗಳಲ್ಲಿ ಒಣಗಿ ಹೋಗುತ್ತದೆ. ಸೋಂಕು ಬುಡದವರೆಗೆ ಇಳಿದು, ಸುತ್ತಲಿನ ಅಂಗಾಂಶವನ್ನೂ ಕೆಡಿಸಿ, ಅಲ್ಲಿ ಕೀವು ಕಟ್ಟಿಕೊಂಡಾಗ ಅದು ಕುರುವಾಗುತ್ತದೆ. ಮೊದಲು ಕೆಂಪಗಿನ, ಗಟ್ಟಿಯಾದ, ಮುಟ್ಟಿದರೆ ನೋಯುವ ಗಂಟಾಗಿ ಕಾಣಿಸಿಕೊಂಡು, ಐದಾರು ದಿನಗಳಲ್ಲಿ ಮೆತ್ತಗಾಗಿ, ನಡುವೆ ಹಳದಿ ಅಥವಾ ಬಿಳಿಯ ತುದಿ ಮೂಡಿ ಹಣ್ಣಾಗುತ್ತದೆ. ಒಡೆದು ಕೀವು ಹೋದ ಮೇಲೆ ಪೂರ್ತಿ ಮಾಯಲು ಎರಡರಿಂದ ಮೂರು ವಾರ ಹಿಡಿಯಬಹುದು. ಕೂದಲೇ ಇಲ್ಲದ ಅಂಗೈ, ಅಂಗಾಲುಗಳಲ್ಲಿ ಕುರು ಏಳದಿರುವುದಕ್ಕೆ ಕಾರಣವೂ ಇದೇ.

ಮೊಡವೆಯ ಮೂಲ ಬೇರೆ. ಎಣ್ಣೆಗ್ರಂಥಿಯ ದಾರಿ ಕಟ್ಟಿಕೊಳ್ಳುವುದರಿಂದ ಅದು ಶುರುವಾಗುತ್ತದೆ, ಮುಖ, ಎದೆ, ಬೆನ್ನುಗಳಲ್ಲಿ ಗುಂಪಾಗಿ ಕಾಣುತ್ತದೆ, ಅದರ ಜೊತೆಗೆ ಕಪ್ಪು ಮತ್ತು ಬಿಳಿ ತಲೆಯ ಸಣ್ಣ ಗುಳ್ಳೆಗಳೂ ಇರುತ್ತವೆ. ಹಲವು ಕುರುಗಳು ಚರ್ಮದಡಿಯಲ್ಲಿ ಒಂದಕ್ಕೊಂದು ಕೂಡಿಕೊಂಡು ಅನೇಕ ಬಾಯಿಗಳಿಂದ ಕೀವು ಸುರಿಸುವ ಸ್ಥಿತಿಯನ್ನು ಕಾರ್ಬಂಕಲ್ ಎನ್ನುತ್ತಾರೆ. ಬೆನ್ನಿನ ಮೇಲೆ ಎದ್ದಾಗ ಹಿರಿಯರು ಬೆನ್ನುಫಣಿ ಎಂದು ಕರೆಯುತ್ತಿದ್ದುದು ಇದನ್ನೇ. ಇದಕ್ಕೆ ಮನೆಮದ್ದು ಸಾಲದು.

ಎಷ್ಟು ಸಲ ಬಂದರೆ ಅದನ್ನು ‘ಮರುಕಳಿಸುವ ಕುರು’ ಎಂದು ಪರಿಗಣಿಸಬೇಕು?

ಹನ್ನೆರಡು ತಿಂಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಬಂದರೆ ಎಂಬುದು ವೈದ್ಯರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಳತೆ. ಒಂದು ಕುರು ಮಾಯುವಷ್ಟರಲ್ಲಿ ಇನ್ನೊಂದು ಏಳುತ್ತಿದ್ದರೆ, ಅಥವಾ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಬರುತ್ತಿದ್ದರೆ ಮೂರರ ಲೆಕ್ಕ ಪೂರ್ತಿಯಾಗಲಿ ಎಂದು ಕಾಯುವ ಅಗತ್ಯವಿಲ್ಲ.

ಎದ್ದಿರುವ ಕುರುವನ್ನು ಗುಣಪಡಿಸುವುದು ಒಂದು ಕೆಲಸ, ಮುಂದಿನದು ಏಳದಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಬಹಳ ಜನ ಮೊದಲನೆಯದನ್ನೇ ಹತ್ತಾರು ಸಲ ಮಾಡಿ, ಎರಡನೆಯದನ್ನು ಒಮ್ಮೆಯೂ ಮಾಡಿಸಿಕೊಳ್ಳದೆ ವರ್ಷಗಟ್ಟಲೆ ನರಳುತ್ತಾರೆ. ಕೆಳಗಿನ ಉತ್ತರಗಳನ್ನು ಈ ಎರಡು ಕೆಲಸಗಳನ್ನು ಬೇರ್ಪಡಿಸಿಕೊಂಡೇ ಓದಬೇಕೆಂಬುದು ನನ್ನ ವಿನಂತಿ.

ಇದಕ್ಕೆ ಕಾರಣವಾಗುವ ಸೂಕ್ಷ್ಮಾಣು ಯಾವುದು?

ಬಹುಪಾಲು ಕುರುಗಳಿಗೆ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕಾರಣ. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ 1880ರ ಸುಮಾರಿನಲ್ಲಿ ಬಾವುಗಳ ಕೀವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಅದರಲ್ಲಿ ಗೊಂಚಲು ಗೊಂಚಲಾದ ದುಂಡನೆಯ ಜೀವಿಗಳು ಕಂಡವು. ದ್ರಾಕ್ಷಿ ಗೊಂಚಲನ್ನು ಸೂಚಿಸುವ ಗ್ರೀಕ್ ಪದವನ್ನು ಬಳಸಿ 1882ರಲ್ಲಿ ಆತನೇ ಅವಕ್ಕೆ ಹೆಸರಿಟ್ಟ. ಅಲ್ಲಿಯವರೆಗೆ ಕೀವು ಗಾಯ ಮಾಯುವಾಗಿನ ಸಹಜ ಹಂತವೆಂದು ನಂಬಿದ್ದವರೇ ಹೆಚ್ಚು. 1884ರಲ್ಲಿ ಜರ್ಮನಿಯ ರೋಸೆನ್‌ಬಾಕ್ ಬಂಗಾರದ ಬಣ್ಣದಲ್ಲಿ ಬೆಳೆಯುವ ಬಗೆಗೆ ‘ಆರಿಯಸ್’ ಎಂಬುದನ್ನು ಸೇರಿಸಿದ. ಮುಂದೆ ಈ ಉತ್ತರಗಳಲ್ಲಿ ‘ಸ್ಟ್ಯಾಫ್’ ಎಂದಷ್ಟೇ ಬರೆಯುತ್ತೇನೆ.

ಈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಪ್ಯಾಂಟನ್-ವ್ಯಾಲೆಂಟೈನ್ ಲ್ಯೂಕೋಸಿಡಿನ್ ಎಂಬ ವಿಷವನ್ನು ಹೊರಹಾಕುತ್ತವೆ. 1932ರಲ್ಲಿ ವರ್ಣಿಸಲಾದ ಈ ವಿಷ ಸೋಂಕಿನೊಡನೆ ಹೋರಾಡಲು ಬರುವ ಬಿಳಿರಕ್ತಕಣಗಳನ್ನೇ ಕೊಲ್ಲುತ್ತದೆ. ಬೇರಾವ ಕಾಯಿಲೆಯೂ ಇಲ್ಲದ ಗಟ್ಟಿಮುಟ್ಟಾದ ಯುವಕ ಯುವತಿಯರಿಗೆ ದೊಡ್ಡ ದೊಡ್ಡ ಕುರುಗಳು ಸಾಲಾಗಿ ಏಳುವಾಗ ಇಂಥ ತಳಿ ಇರಬಹುದೇ ಎಂದು ವೈದ್ಯರು ಯೋಚಿಸುತ್ತಾರೆ.

ಒಂದು ಕುರು ಪೂರ್ತಿ ವಾಸಿಯಾದ ಮೇಲೂ ಇನ್ನೊಂದು ಏಳುವುದು ಏಕೆ?

ಕುರು ವಾಸಿಯಾದರೂ ಸ್ಟ್ಯಾಫ್ ದೇಹವನ್ನು ಬಿಟ್ಟು ಹೋಗಿರುವುದಿಲ್ಲ. ಅದಕ್ಕೆ ಬಲು ಇಷ್ಟದ ನೆಲೆ ಮೂಗಿನ ಹೊಳ್ಳೆಗಳ ಮುಂಭಾಗ. ಯಾವುದೇ ಹೊತ್ತಿನಲ್ಲಿ ನೋಡಿದರೂ ಹತ್ತು ಜನರಲ್ಲಿ ಸುಮಾರು ಮೂವರ ಮೂಗಿನಲ್ಲಿ ಅದು ತಣ್ಣಗೆ ವಾಸಿಸುತ್ತಿರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಅದರಿಂದ ಏನೂ ಆಗುವುದಿಲ್ಲ. ಗಂಟಲು, ಕಂಕುಳು, ತೊಡೆಸಂದು, ಗುದದ ಸುತ್ತಲಿನ ಚರ್ಮ ಇವೂ ಅದರ ತಾಣಗಳೇ. ನಾವು ಅರಿವಿಲ್ಲದೆಯೇ ದಿನಕ್ಕೆ ಎಷ್ಟೋ ಸಲ ಮೂಗು ಮುಟ್ಟಿಕೊಳ್ಳುತ್ತೇವೆ. ಅದೇ ಬೆರಳು ಕೆರೆದುಕೊಂಡ ಜಾಗಕ್ಕೋ, ಕ್ಷೌರದ ಸಣ್ಣ ಗೀರಿಗೋ, ಬಿಗಿಯಾದ ಬಟ್ಟೆ ಉಜ್ಜಿ ಕೆಂಪಾದ ತೊಡೆಗೋ ತಾಗುತ್ತದೆ. ದಾರಿ ತೆರೆದಿದ್ದರೆ ಸ್ಟ್ಯಾಫ್ ಒಳಗಿಳಿಯುತ್ತದೆ.

ಎರಡನೆಯ ಕಾರಣ ಮನೆಯೊಳಗಿದೆ. ಸ್ಟ್ಯಾಫ್ ಒಣ ಮೇಲ್ಮೈಗಳ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬದುಕಬಲ್ಲದು. ಟವೆಲು, ಹಾಸಿಗೆಯ ಹೊದಿಕೆ, ರೇಜರು, ಬಾಗಿಲ ಹಿಡಿ, ಮೊಬೈಲು ಇವುಗಳ ಮೂಲಕ ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗಿ, ಅಲ್ಲಿಂದ ಮೊದಲಿನವರಿಗೇ ಮರಳಿ ಬರುತ್ತದೆ. ಮೂರನೆಯದಾಗಿ, ದಡಾರ ಒಮ್ಮೆ ಬಂದುಹೋದರೆ ಉಳಿಯುವಂಥ ರಕ್ಷಣೆ ಸ್ಟ್ಯಾಫ್ ವಿಷಯದಲ್ಲಿ ಉಳಿಯುವುದಿಲ್ಲ. ಎಷ್ಟು ಸಲ ಬಂದರೂ ಮುಂದಿನ ಸಲ ಬಾರದಂತೆ ತಡೆಯುವ ಪ್ರತಿರೋಧ ಬೆಳೆಯುವುದಿಲ್ಲ. ಬಳಕೆಗೆ ಒಪ್ಪಿಗೆ ಪಡೆದ ಲಸಿಕೆಯೂ ಇಲ್ಲ.

ದಿನವೂ ಸ್ನಾನ ಮಾಡುವ ನನಗೆ ಹೀಗೇಕೆ? ರಕ್ತ ಕೆಟ್ಟಿರುವುದರಿಂದ ಕುರು ಏಳುತ್ತದೆಯೇ?

ಈ ಪ್ರಶ್ನೆಯ ಹಿಂದೆ ಎಷ್ಟು ನೋವಿರುತ್ತದೆಂದು ಬಲ್ಲೆ. ತೊಡೆಸಂದಿಯಲ್ಲೋ ಆಸನಭಾಗದಲ್ಲೋ ಕುರು ಎದ್ದವರು ಅದನ್ನು ಯಾರಿಗೂ ಹೇಳಲಾರದೆ, ತಮ್ಮ ಶುಚಿತ್ವದ ಬಗ್ಗೆ ತಾವೇ ಸಂಶಯಪಡುತ್ತಾ ಕುಗ್ಗಿಹೋಗುತ್ತಾರೆ. ಕುರು ಏಳುವುದು ಕೊಳಕಿನ ಗುರುತಲ್ಲ. ದಿನಕ್ಕೆರಡು ಸಲ ಮೀಯುವವರಿಗೂ ಬರುತ್ತದೆ, ವೈದ್ಯರಿಗೂ ದಾದಿಯರಿಗೂ ಬರುತ್ತದೆ. ಒರಟಾಗಿ ಮೈ ಉಜ್ಜುವುದರಿಂದ ಚರ್ಮದ ಮೇಲ್ಪದರ ಕಿತ್ತು ಸೋಂಕಿಗೆ ಇನ್ನಷ್ಟು ದಾರಿ ಸಿಗುತ್ತದೆಯೇ ಹೊರತು ಉಪಯೋಗವಿಲ್ಲ.

‘ರಕ್ತ ಕೆಟ್ಟಿದೆ’ ಎಂಬ ಮಾತು ಹಳೆಯದು. ಸೋಂಕು ಚರ್ಮದ ಹೊರಗಿನಿಂದ ಕೂದಲಿನ ಬುಡಕ್ಕೆ ಇಳಿಯುತ್ತದೆ, ರಕ್ತದಿಂದ ಹೊರಗೆ ಬರುವುದಲ್ಲ. ಆದ್ದರಿಂದ ರಕ್ತಶುದ್ಧಿ ಎಂದು ಮಾರುವ ಔಷಧಿಗಳಿಂದಾಗಲಿ, ಭೇದಿ ಮಾಡಿಸುವುದರಿಂದಾಗಲಿ ಕುರು ನಿಲ್ಲುವುದಿಲ್ಲ. ರಕ್ತವನ್ನು ಪರೀಕ್ಷಿಸಬೇಕಾದ ಕಾರಣ ಮಾತ್ರ ಖಂಡಿತ ಇದೆ, ಅದು ಮುಂದಿನ ಪ್ರಶ್ನೆಯ ವಿಷಯ.

ಕುರು ಬರುವುದು ಸಕ್ಕರೆ ಕಾಯಿಲೆಯ ಸೂಚನೆಯೇ?

ಯಾವಾಗಲೂ ಅಲ್ಲ. ಆದರೂ ಮೊದಲು ನೋಡಬೇಕಾದದ್ದು ಇದನ್ನೇ, ಏಕೆಂದರೆ ತಮಗೆ ಮಧುಮೇಹವಿದೆ ಎಂಬುದು ಕೆಲವರಿಗೆ ಗೊತ್ತಾಗುವುದೇ ಕುರುವಿನ ಮೂಲಕ. ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ಬಿಳಿರಕ್ತಕಣಗಳು ಸೋಂಕಿನತ್ತ ಧಾವಿಸುವುದೂ ಬ್ಯಾಕ್ಟೀರಿಯಾವನ್ನು ನುಂಗಿ ಕೊಲ್ಲುವುದೂ ಕುಂಠಿತವಾಗುತ್ತವೆ, ಗಾಯ ಮಾಯುವುದೂ ನಿಧಾನವಾಗುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಶೇ 6.5 ಅಥವಾ ಅದಕ್ಕಿಂತ ಮೇಲಿದ್ದರೆ ಮಧುಮೇಹವೆಂದು ಪರಿಗಣಿಸಿ, ಸಾಮಾನ್ಯವಾಗಿ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಸೋಂಕು ಜೋರಾಗಿರುವಾಗ ಸಕ್ಕರೆ ತಾತ್ಕಾಲಿಕವಾಗಿ ಏರುವುದೂ ಉಂಟು. ಮೊದಲೇ ಮಧುಮೇಹವಿರುವವರಲ್ಲಿ ಕುರುಗಳು ಹೆಚ್ಚಿದರೆ ಸಕ್ಕರೆ ಹತೋಟಿ ತಪ್ಪಿದೆಯೇ ಎಂದು ನೋಡಬೇಕು. ಹತೋಟಿಗೆ ಬಂದ ಮೇಲೆ ಕುರು ಕಡಿಮೆಯಾಗುವವರೂ ಇದ್ದಾರೆ.

ಬೇರೆ ಯಾವ ಕಾರಣಗಳನ್ನು ಹುಡುಕಬೇಕು?

ಇಸುಬು, ಕಜ್ಜಿಗಳಂಥ ತುರಿಸುವ ಚರ್ಮರೋಗಗಳು, ಬೊಜ್ಜು, ದೀರ್ಘಕಾಲದ ಸ್ಟಿರಾಯ್ಡ್ ಬಳಕೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿಗಳು, ಎಚ್‌ಐವಿ, ಕಬ್ಬಿಣದ ಕೊರತೆ ಇವು ವೈದ್ಯರು ಗಮನಿಸುವ ಸಂಗತಿಗಳು. ಮೈಗೆ ಮೈ ತಾಗುವ ಕುಸ್ತಿಯಂಥ ಆಟಗಳು, ಇಕ್ಕಟ್ಟಾದ ವಸತಿ, ಬೆವರು ಒಣಗದಂತೆ ದಿನವಿಡೀ ಕುಳಿತೇ ಮಾಡುವ ಕೆಲಸ ಇವೂ ಸೇರುತ್ತವೆ. ಇಷ್ಟೆಲ್ಲ ಹುಡುಕಿದರೂ ಅನೇಕರಲ್ಲಿ ಮೂಗಿನ ಸ್ಟ್ಯಾಫ್ ಹೊರತು ಬೇರಾವ ಕಾರಣವೂ ಸಿಗುವುದಿಲ್ಲ. ಅದು ಭಯಪಡುವ ವಿಷಯವಲ್ಲ.

ಹುಟ್ಟಿನಿಂದ ಬರುವ ನಿರೋಧಕ ದೋಷಗಳು ಬಹಳ ಅಪರೂಪ. ಮಗುವಿಗೆ ಎಳವೆಯಿಂದಲೇ ಕುರು, ಶ್ವಾಸಕೋಶದ ಸೋಂಕು, ಕಿವಿಯ ಸೋಂಕು ಎಲ್ಲವೂ ಸಾಲುಗಟ್ಟಿ ಬರುತ್ತಿದ್ದರೆ ಮಾತ್ರ ಆ ದಿಕ್ಕಿನಲ್ಲಿ ಪರೀಕ್ಷೆ ಮಾಡುತ್ತಾರೆ. 1966ರಲ್ಲಿ ವರ್ಣಿಸಲಾದ ಅಂಥ ಒಂದು ದೋಷಕ್ಕೆ, ಮೈತುಂಬ ಹುಣ್ಣೆದ್ದು ನರಳಿದ ಬೈಬಲಿನ ಯೋಬನ ಹೆಸರನ್ನಿಟ್ಟಿದ್ದಾರೆ.

ನೋಯುವ ಎಲ್ಲ ಗಂಟುಗಳೂ ಕುರುವೇ? ವರ್ಷಗಳಿಂದ ಕಂಕುಳಲ್ಲೇ ಬರುತ್ತಿದ್ದರೆ ಏನು ಅರ್ಥ?

ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ಓದಲು ಸಮಯವಿದ್ದರೆ ಇದನ್ನು ಓದಿ. ಕಂಕುಳು, ತೊಡೆಸಂದು, ಸ್ತನದ ಕೆಳಮಡಿಕೆ, ಆಸನಭಾಗ ಇಷ್ಟೇ ಜಾಗಗಳಲ್ಲಿ, ಅದೂ ಹರೆಯಕ್ಕೆ ಬಂದ ಮೇಲೆ ಶುರುವಾಗಿ, ಮತ್ತೆ ಮತ್ತೆ ಅಲ್ಲಲ್ಲೇ ಗಂಟು ಕಟ್ಟಿ ಒಡೆಯುತ್ತಿದ್ದರೆ ಅದು ಹೈಡ್ರಾಡೆನೈಟಿಸ್ ಸಪ್ಪುರಟೈವಾ ಎಂಬ ಬೇರೆಯೇ ಕಾಯಿಲೆ ಆಗಿರಬಹುದು. ರೋಮಕೂಪಗಳು ಮುಚ್ಚಿಕೊಂಡು, ಚರ್ಮದಡಿಯಲ್ಲಿ ಒಡೆದು, ದೇಹದ ನಿರೋಧಕ ವ್ಯವಸ್ಥೆಯೇ ಅತಿಯಾಗಿ ಪ್ರತಿಕ್ರಿಯಿಸುವುದರಿಂದ ಉಂಟಾಗುವ ಉರಿಯೂತ ಅದು. ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಅಕ್ಕಪಕ್ಕದಲ್ಲಿ ಜೋಡಿಯಾಗಿ ಕಾಣುವ ಕಪ್ಪು ಚುಕ್ಕೆಗಳು, ಗಂಟಿನಿಂದ ಗಂಟಿಗೆ ಚರ್ಮದ ಕೆಳಗೆ ಹಬ್ಬಿದ ಸುರಂಗಗಳು, ಹಗ್ಗದಂತೆ ದಪ್ಪಗಾದ ಕಲೆಗಳು ಅದರ ಗುರುತುಗಳು. ಧೂಮಪಾನ ಮತ್ತು ಬೊಜ್ಜಿನೊಂದಿಗೆ ಅದಕ್ಕೆ ನಂಟಿದೆ, ಕೆಲವು ಕುಟುಂಬಗಳಲ್ಲಿ ಹಲವರಿಗೆ ಇರುತ್ತದೆ.

ಇದನ್ನು ಸಾಮಾನ್ಯ ಕುರುವೆಂದು ತಿಳಿದು ವರ್ಷಗಟ್ಟಲೆ ಕೊಯ್ಯಿಸಿಕೊಳ್ಳುತ್ತಾ, ಐದೈದು ದಿನದ ಮಾತ್ರೆ ನುಂಗುತ್ತಾ ಕಾಲ ಕಳೆದವರ ಸಂಖ್ಯೆ ಸಣ್ಣದಲ್ಲ. ಅಷ್ಟರಲ್ಲಿ ಸುರಂಗಗಳು ಬೆಳೆದು ಕೈ ಎತ್ತುವುದೂ ಕಷ್ಟವಾಗಿರುತ್ತದೆ. ಹಚ್ಚುವ ಕ್ಲಿಂಡಾಮೈಸಿನ್, ತಿಂಗಳುಗಟ್ಟಲೆ ಕೊಡುವ ಬೇರೆ ಮಾತ್ರೆಗಳು, ಆಯ್ದ ಶಸ್ತ್ರಚಿಕಿತ್ಸೆ, 2015ರಿಂದ ಈ ಕಾಯಿಲೆಗೆಂದೇ ಒಪ್ಪಿಗೆ ಪಡೆದಿರುವ ಅಡಲಿಮುಮಾಬ್ ಎಂಬ ಚುಚ್ಚುಮದ್ದು ಇವೆಲ್ಲ ಅದಕ್ಕೆ ಇರುವ ಚಿಕಿತ್ಸೆಗಳು. ಚರ್ಮರೋಗ ತಜ್ಞರನ್ನು ಬೇಗ ಕಂಡಷ್ಟೂ ಹಾನಿ ಕಡಿಮೆ.

ಇನ್ನು ಕೆಲವು ಸುಲಭವಾಗಿ ಗುರುತಿಸಬಹುದಾದವು. ವರ್ಷಗಳಿಂದ ನೋವಿಲ್ಲದೆ ಇದ್ದ, ನಡುವೆ ಸಣ್ಣ ರಂಧ್ರವಿರುವ ಉಂಡೆ ಇದ್ದಕ್ಕಿದ್ದಂತೆ ಕೆಂಪಾಗಿ ಊದಿಕೊಂಡರೆ ಅದು ಚರ್ಮಕೋಶದ ಗಂಟು. ಒಳಗಿನ ಚೀಲದ ಸಮೇತ ತೆಗೆಯದಿದ್ದರೆ ಮರಳಿ ತುಂಬಿಕೊಳ್ಳುತ್ತದೆ. ಬೆನ್ನುಮೂಳೆಯ ತುದಿಯಲ್ಲಿ, ಆಸನದ ಸೀಳಿನ ಮೇಲ್ಭಾಗದಲ್ಲಿ ಮಾತ್ರ ಬರುತ್ತಿದ್ದರೆ ಅದು ಕೂದಲು ಒಳಹೊಕ್ಕು ಆಗುವ ಪೈಲೊನೈಡಲ್ ಸೈನಸ್. ಗುದದ ಪಕ್ಕದಲ್ಲೇ ಒಡೆದು ಸೋರುತ್ತಿರುವುದು ಭಗಂದರವಿರಬಹುದು. ಇವು ಮೂರಕ್ಕೂ ಶಸ್ತ್ರವೈದ್ಯರೇ ಬೇಕು.

ಕುರು ಎದ್ದಾಗ ಮನೆಯಲ್ಲಿ ಏನು ಮಾಡಬೇಕು?

ಬಿಸಿ ಶಾಖ ಕೊಡಬೇಕು. ಇಷ್ಟು ಸರಳವಾದದ್ದನ್ನು ಸರಿಯಾಗಿ ಮಾಡುವವರು ಕಡಿಮೆ. ಶುಭ್ರವಾದ ಬಟ್ಟೆಯನ್ನು ಚರ್ಮ ತಾಳುವಷ್ಟು ಬಿಸಿಯ ನೀರಿನಲ್ಲಿ ಅದ್ದಿ, ಹಿಂಡಿ, ಕುರುವಿನ ಮೇಲೆ ಹತ್ತರಿಂದ ಹದಿನೈದು ನಿಮಿಷ ಇಡಬೇಕು, ಆರುತ್ತಿದ್ದಂತೆ ಮತ್ತೆ ಅದ್ದಬೇಕು, ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಬೇಕು. ಶಾಖದಿಂದ ಆ ಜಾಗಕ್ಕೆ ರಕ್ತ ಹರಿದು ನೋವು ಇಳಿಯುತ್ತದೆ, ಕುರು ಬೇಗ ಹಣ್ಣಾಗಿ ತಾನಾಗಿ ಬಾಯಿ ಬಿಡುತ್ತದೆ. ಮಧುಮೇಹದಿಂದ ಕಾಲಿನ ಸ್ಪರ್ಶ ಮಂದವಾಗಿರುವವರು ನೀರಿನ ಬಿಸಿಯನ್ನು ಬೇರೆಯವರಿಂದ ನೋಡಿಸಿಕೊಳ್ಳಬೇಕು. ಬಳಸಿದ ಬಟ್ಟೆಯನ್ನು ಪ್ರತಿ ಸಲವೂ ಒಗೆಯಲು ಹಾಕಬೇಕು.

ಒಡೆದ ಮೇಲೆ ಸೋಪು ನೀರಿನಿಂದ ಮೆಲ್ಲಗೆ ತೊಳೆದು, ಒಣ ಗಾಜ್ ಹಾಕಿ ಪೂರ್ತಿಯಾಗಿ ಮುಚ್ಚಬೇಕು. ತೇವವಾದೊಡನೆ ಬದಲಿಸಿ, ತೆಗೆದದ್ದನ್ನು ಚೀಲದಲ್ಲಿ ಕಟ್ಟಿ ಎಸೆದು, ಕೈ ತೊಳೆದುಕೊಳ್ಳಬೇಕು. ನೋವಿಗೆ ಪ್ಯಾರಸಿಟಮಾಲ್ ಸಾಕು. ಕುರುವನ್ನು ಎಳೆದು ತೆಗೆಯುತ್ತವೆ ಎನ್ನುವ ಮುಲಾಮುಗಳು ಶಾಖಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ.

ಹಿಸುಕಿ ಅಥವಾ ಸೂಜಿ ಚುಚ್ಚಿ ಕೀವು ತೆಗೆದರೆ ಬೇಗ ವಾಸಿಯಾಗುವುದಿಲ್ಲವೇ?

ಇಲ್ಲ. ಹಿಸುಕಿದಾಗ ಹೊರಬರುವ ಕೀವಿನಷ್ಟೇ ಒಳಕ್ಕೂ ನುಗ್ಗುತ್ತದೆ, ಸುತ್ತಲಿನ ಆರೋಗ್ಯವಂತ ಅಂಗಾಂಶಕ್ಕೆ ಸೋಂಕು ಹಬ್ಬುತ್ತದೆ, ಕಲೆಯೂ ದೊಡ್ಡದಾಗುತ್ತದೆ. ಮೂಗಿನ ಸೇತುವೆಯಿಂದ ಬಾಯಿಯ ಎರಡು ಮೂಲೆಗಳವರೆಗಿನ ತ್ರಿಕೋನದೊಳಗೆ ಎದ್ದ ಕುರುವನ್ನಂತೂ ಮುಟ್ಟಲೇಬಾರದು. ಅಲ್ಲಿನ ರಕ್ತನಾಳಗಳು ಕಣ್ಣಿನ ಹಿಂಬದಿಯ ಮೂಲಕ ಮೆದುಳಿನ ತಳದ ನಾಳಗಳೊಂದಿಗೆ ಕೂಡಿಕೊಂಡಿವೆ. ಸೋಂಕು ಆ ದಾರಿ ಹಿಡಿಯುವುದು ಅಪರೂಪವಾದರೂ ಹಿಡಿದರೆ ಪ್ರಾಣಕ್ಕೇ ಅಪಾಯ.

ಯಾವಾಗ ತಡಮಾಡದೆ ವೈದ್ಯರ ಬಳಿ ಹೋಗಬೇಕು?

ಜ್ವರ, ಚಳಿ, ನಡುಕ ಬಂದರೆ, ಕುರುವಿನ ಸುತ್ತಲಿನ ಕೆಂಪು ಗಂಟೆಗಂಟೆಗೂ ಹರಡುತ್ತಿದ್ದರೆ, ಅಲ್ಲಿಂದ ಕೆಂಪು ಗೆರೆ ಮೇಲಕ್ಕೆ ಎಳೆದಂತೆ ಕಂಡರೆ ಅದೇ ದಿನ ಹೋಗಬೇಕು. ಮುಖದ ಮೇಲೆ ಎದ್ದು ಕಣ್ಣು ಊದಿಕೊಂಡರೆ, ತಲೆನೋವು ಜೋರಾದರೆ ತುರ್ತು ವಿಭಾಗಕ್ಕೇ ಹೋಗಬೇಕು. ಕಾಣುವ ಗಾಯಕ್ಕೂ ಅನುಭವಿಸುವ ನೋವಿಗೂ ತಾಳೆಯೇ ಇಲ್ಲದಷ್ಟು ನೋವಿದ್ದರೆ, ಚರ್ಮ ನೀಲಿಗಟ್ಟಿದರೆ ಅದೂ ತುರ್ತೇ. ಮಧುಮೇಹಿಗಳು, ಕೀಮೋಥೆರಪಿ ಪಡೆಯುತ್ತಿರುವವರು, ಕೃತಕ ಹೃದಯಕವಾಟ ಇರುವವರು, ಹಸುಗೂಸುಗಳು ಇವರ ವಿಷಯದಲ್ಲಿ ಒಂದೇ ಕುರುವಾದರೂ ತೋರಿಸುವುದು ಒಳ್ಳೆಯದು. ಉಳಿದವರು ಎರಡು ವಾರವಾದರೂ ಇಳಿಯದ, ಇಲ್ಲವೇ ಐದು ಸೆಂಟಿಮೀಟರಿಗಿಂತ ದೊಡ್ಡದಾದ ಕುರುವಿಗೆ ಕಾಯಬಾರದು.

ಇನ್ನೊಂದನ್ನು ಸೇರಿಸಬೇಕು. ಕುರು ಮಾಯ್ದ ಕೆಲವು ವಾರಗಳ ನಂತರ ಬಿಡದ ಬೆನ್ನುನೋವು ಜ್ವರದೊಡನೆ ಶುರುವಾದರೆ, ಸ್ಟ್ಯಾಫ್ ರಕ್ತದ ಮೂಲಕ ಬೆನ್ನುಮೂಳೆ ಸೇರಿರುವ ಸಾಧ್ಯತೆ ಇರುತ್ತದೆ. ಹಿಂದಿನ ಕುರುವಿನ ವಿಷಯವನ್ನು ವೈದ್ಯರಿಗೆ ನೀವಾಗಿಯೇ ಹೇಳಬೇಕು, ಏಕೆಂದರೆ ಬೆನ್ನುನೋವಿನವರನ್ನು ಅದರ ಬಗ್ಗೆ ಯಾರೂ ಕೇಳಲಿಕ್ಕಿಲ್ಲ.

ವೈದ್ಯರು ಕೊಯ್ಯುವುದು ಏಕೆ? ಮಾತ್ರೆಯಿಂದಲೇ ಕರಗಿಸಲಾಗದೇ?

ಕೀವೆಂದರೆ ಸತ್ತ ಬಿಳಿರಕ್ತಕಣಗಳು, ಕರಗಿದ ಅಂಗಾಂಶ ಮತ್ತು ಬ್ಯಾಕ್ಟೀರಿಯಾಗಳ ಮುದ್ದೆ. ಅದರ ಸುತ್ತ ಗೋಡೆ ಕಟ್ಟಿರುತ್ತದೆ, ಒಳಗೆ ರಕ್ತಸಂಚಾರವಿರುವುದಿಲ್ಲ. ನುಂಗಿದ ಔಷಧಿ ರಕ್ತದ ಮೂಲಕ ತಾನೇ ಹೋಗಬೇಕು. ರಕ್ತವೇ ಹೋಗದ ಕಡೆಗೆ ಅದು ಸಾಕಷ್ಟು ತಲುಪುವುದಿಲ್ಲ. ಆದ್ದರಿಂದಲೇ ಕೀವು ಕೂಡಿಕೊಂಡ ಮೇಲೆ ಮರಗಟ್ಟಿಸಿ, ಸಣ್ಣದಾಗಿ ಕೊಯ್ದು, ಒಳಗಿನ ಗೋಡೆಗಳನ್ನು ಬಿಡಿಸಿ ಹೊರಹರಿಯಲು ಬಿಡುತ್ತಾರೆ. ಕೊಯ್ದ ಕೆಲವೇ ನಿಮಿಷಗಳಲ್ಲಿ ನೋವು ಇಳಿಯುವುದನ್ನು ಅನುಭವಿಸಿದವರೇ ಬಲ್ಲರು. ಇನ್ನೂ ಗಟ್ಟಿಯಾಗಿರುವ, ಕೀವು ಕಟ್ಟದ ಕುರುವನ್ನು ಕೊಯ್ಯುವುದಿಲ್ಲ.

ಕೊಯ್ಯುವಾಗ ಕೀವಿನ ಮಾದರಿಯನ್ನು ಕಲ್ಚರ್ ಪರೀಕ್ಷೆಗೆ ಕಳಿಸುವಂತೆ ಕೇಳಿ. ಮೊದಲ ಸಲದ ಸಣ್ಣ ಕುರುವಿಗೆ ಅದು ಬೇಕಾಗುವುದಿಲ್ಲ, ಆದರೆ ಮರುಕಳಿಸುವವರಲ್ಲಿ ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂಬ ಆ ಒಂದು ಹಾಳೆಯ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಆಂಟಿಬಯೋಟಿಕ್ ಯಾವಾಗ ಬೇಕು? ಕಳೆದ ಸಲದ ಮಾತ್ರೆ ಉಳಿದಿದ್ದರೆ ತೆಗೆದುಕೊಳ್ಳಬಹುದೇ?

ಸಣ್ಣ ಕುರು ತಾನಾಗಿ ಒಡೆದರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಸುತ್ತ ಸೋಂಕು ಹರಡಿದ್ದರೆ, ಜ್ವರವಿದ್ದರೆ, ಹಲವು ಕಡೆ ಎದ್ದಿದ್ದರೆ, ಮುಖದ ಮೇಲಿದ್ದರೆ, ನಿರೋಧಕ ಶಕ್ತಿ ಕಡಿಮೆಯಿದ್ದರೆ ಕೊಡುತ್ತಾರೆ. ದೊಡ್ಡ ಬಾವುಗಳಲ್ಲಿ ಕೊಯ್ಯುವುದರ ಜೊತೆಗೆ ಸೂಕ್ತ ಆಂಟಿಬಯೋಟಿಕ್ ಕೊಟ್ಟರೆ ಗುಣವಾಗುವ ಪ್ರಮಾಣ ಹೆಚ್ಚುತ್ತದೆ ಎಂಬುದನ್ನೂ ಅಧ್ಯಯನಗಳು ತೋರಿಸಿವೆ. ಮರುಕಳಿಸುವ ಕುರುಗಳಲ್ಲಿ ಕಲ್ಚರ್ ನೋಡಿ ಐದರಿಂದ ಹತ್ತು ದಿನಗಳ ಚಿಕಿತ್ಸೆ ಕೊಡುವುದು ವಾಡಿಕೆ.

ಉಳಿದ ಮಾತ್ರೆಗಳನ್ನು ನುಂಗಬೇಡಿ. ಅರ್ಧಂಬರ್ಧ ಕೋರ್ಸುಗಳಿಂದ ದುರ್ಬಲ ಬ್ಯಾಕ್ಟೀರಿಯಾ ಸತ್ತು, ಔಷಧಿಗೆ ಬಗ್ಗದವು ಉಳಿದು, ಅವೇ ಮೂಗಿನಲ್ಲಿ ಮನೆ ಮಾಡಿಕೊಳ್ಳುತ್ತವೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಕೊಡಬಾರದ ಆಂಟಿಬಯೋಟಿಕ್‌ಗಳಿವೆ ಎಂಬುದನ್ನೂ ಮರೆಯಬಾರದು.

ವರದಿಯಲ್ಲಿ ‘ಎಂಆರ್‌ಎಸ್‌ಎ’ ಎಂದಿದೆ. ಇದು ಗುಣವಾಗದ ಕಾಯಿಲೆಯೇ?

ಗುಣವಾಗುತ್ತದೆ. ಮೆಥಿಸಿಲಿನ್ ಎಂಬ ಔಷಧಿಗೆ ಬಗ್ಗದ ಸ್ಟ್ಯಾಫ್ ಎಂಬುದು ಆ ಅಕ್ಷರಗಳ ಅರ್ಥ. ಆ ಔಷಧಿ ಬಳಕೆಗೆ ಬಂದದ್ದು 1959ರಲ್ಲಿ. ಎರಡೇ ವರ್ಷದಲ್ಲಿ, 1961ರಲ್ಲಿ, ಬ್ರಿಟನ್ನಿನಲ್ಲಿ ಅದನ್ನು ಎದುರಿಸುವ ತಳಿ ವರದಿಯಾಯಿತು. ಪೆನಿಸಿಲಿನ್ ಮತ್ತು ಸೆಫಲೋಸ್ಪೊರಿನ್ ಗುಂಪಿನ ಬಹುತೇಕ ಮಾತ್ರೆಗಳು ಇದರ ಮೇಲೆ ಕೆಲಸ ಮಾಡುವುದಿಲ್ಲ, ಆದರೆ ಚರ್ಮದ ಸೋಂಕಿಗೆ ಕೋ-ಟ್ರೈಮಾಕ್ಸಜೋಲ್, ಡಾಕ್ಸಿಸೈಕ್ಲಿನ್, ಕ್ಲಿಂಡಾಮೈಸಿನ್‌ನಂಥ ಹಳೆಯ ಔಷಧಿಗಳೇ ಹಲವೊಮ್ಮೆ ಸಾಕಾಗುತ್ತವೆ. ಯಾವುದು ಎಂಬುದನ್ನು ಕಲ್ಚರ್ ವರದಿ ಹೇಳುತ್ತದೆ.

ಮೂಗಿನ ಮತ್ತು ಚರ್ಮದ ಸ್ಟ್ಯಾಫನ್ನು ತೆಗೆಯುವ ಚಿಕಿತ್ಸೆ ಹೇಗಿರುತ್ತದೆ?

ಮೇಲೆ ಹೇಳಿದ ಎರಡನೆಯ ಕೆಲಸವೆಂದರೆ ಇದೇ. ವೈದ್ಯರು ಇದನ್ನು ಡಿಕಾಲನೈಸೇಶನ್ ಎನ್ನುತ್ತಾರೆ. ವಾಡಿಕೆಯಲ್ಲಿರುವ ಕ್ರಮ ಐದು ದಿನಗಳದು. ಮ್ಯುಪಿರೋಸಿನ್ ಮುಲಾಮನ್ನು ದಿನಕ್ಕೆರಡು ಸಲ ಎರಡೂ ಹೊಳ್ಳೆಗಳ ಒಳ ಮುಂಭಾಗಕ್ಕೆ ಹಚ್ಚಿ, ಮೂಗನ್ನು ಹೊರಗಿನಿಂದ ಒತ್ತಿ ಹರಡಬೇಕು. ಅದೇ ಐದು ದಿನವೂ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಕತ್ತಿನಿಂದ ಕೆಳಗೆ ಮೈ ತೊಳೆಯಬೇಕು. ಕಂಕುಳು, ತೊಡೆಸಂದು, ಹೊಕ್ಕುಳು, ಬೆರಳ ಸಂದುಗಳಿಗೆ ಹೆಚ್ಚು ಗಮನ ಕೊಟ್ಟು, ಒಂದೆರಡು ನಿಮಿಷ ಬಿಟ್ಟು ತೊಳೆದುಕೊಳ್ಳಬೇಕು. ಕ್ಲೋರ್‌ಹೆಕ್ಸಿಡಿನ್ ಕಣ್ಣಿಗೆ, ಕಿವಿಯೊಳಕ್ಕೆ ಹೋಗಬಾರದು, ಎರಡಕ್ಕೂ ಹಾನಿ ಮಾಡುತ್ತದೆ. ಅಪರೂಪಕ್ಕೆ ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಪ್ರತಿದಿನ ಒಗೆದ ಟವೆಲು, ಒಗೆದ ಒಳಉಡುಪು, ಒಗೆದ ಹೊದಿಕೆ ಬಳಸಬೇಕು, ಇಲ್ಲದಿದ್ದರೆ ಬೆಳಿಗ್ಗೆ ತೊಳೆದು ಹೋದದ್ದು ರಾತ್ರಿ ಹಾಸಿಗೆಯಿಂದ ವಾಪಸು ಬರುತ್ತದೆ.

ಮುಖ್ಯವಾದ ಷರತ್ತು ಒಂದಿದೆ: ಸೋರುತ್ತಿರುವ ಕುರು ಇರುವಾಗ ಇದನ್ನು ಶುರುಮಾಡಿದರೆ ಆ ಕೀವಿನಿಂದಲೇ ಮತ್ತೆ ಹರಡುತ್ತದೆ. ಮೊದಲು ಕುರು ವಾಸಿಯಾಗಲಿ, ನಂತರ ಐದು ದಿನ. ‘ಪರವಾಗಿಲ್ಲ, ಹಚ್ಚುತ್ತಲೇ ಇರೋಣ’ ಎಂದು ಮ್ಯುಪಿರೋಸಿನ್ನನ್ನು ತಿಂಗಳುಗಟ್ಟಲೆ ಬಳಸಿದರೆ ಅದಕ್ಕೂ ಬಗ್ಗದ ಸ್ಟ್ಯಾಫ್ ಬೆಳೆಯುತ್ತದೆ.

ಬ್ಲೀಚ್ ಬೆರೆಸಿದ ನೀರಿನ ಸ್ನಾನ ಸುರಕ್ಷಿತವೇ?

ಅಳತೆ ತಪ್ಪದಿದ್ದರೆ ಹೌದು. ಶೇ 5ರಿಂದ 6ರಷ್ಟು ಸಾಂದ್ರತೆಯ, ಸುವಾಸನೆ ಬೆರೆಸದ ಬ್ಲೀಚನ್ನು 150 ಲೀಟರ್ ನೀರಿಗೆ ಸುಮಾರು 120 ಮಿಲಿಲೀಟರಿನಂತೆ ಬೆರೆಸಿದಾಗ ಸಿಗುವುದು ಶೇ 0.005ರ ಆಸುಪಾಸಿನ ಬಹಳ ತೆಳುವಾದ ದ್ರಾವಣ. ವಾರಕ್ಕೆರಡು ಸಲ ಹತ್ತು ನಿಮಿಷ ಅದರಲ್ಲಿ ಕುಳಿತು, ನಂತರ ಒಳ್ಳೆಯ ನೀರಿನಿಂದ ತೊಳೆದುಕೊಳ್ಳುತ್ತಾರೆ. ಇಸುಬು ಇರುವ ಮಕ್ಕಳಿಗೆ ಇದನ್ನು ಹೇಳುವುದು ಹೆಚ್ಚು. ತಲೆ ಮುಳುಗಿಸಬಾರದು, ಬ್ಲೀಚನ್ನು ನೇರವಾಗಿ ಮೈಗೆ ಹಚ್ಚಬಾರದು, ಆಸ್ತಮಾ ಇರುವವರು ವೈದ್ಯರನ್ನು ಕೇಳದೆ ಮಾಡಬಾರದು, ಬ್ಲೀಚಿಗೆ ಬೇರಾವ ಶುಚಿಕಾರಕವನ್ನೂ ಬೆರೆಸಬಾರದು.

ಮನೆಯ ಉಳಿದವರಿಗೆ ಕುರು ಇಲ್ಲದಿದ್ದರೂ ಅವರಿಗೂ ಚಿಕಿತ್ಸೆ ಬೇಕೇ?

ಒಬ್ಬರಿಗಿಂತ ಹೆಚ್ಚು ಜನರಿಗೆ ಬಂದಿದ್ದರೆ, ಇಲ್ಲವೇ ಒಬ್ಬರೇ ಮಾಡಿದ ಚಿಕಿತ್ಸೆ ಫಲಿಸದಿದ್ದರೆ ಬೇಕು. ರೋಗಿಗೆ ಮಾತ್ರ ಕೊಟ್ಟದ್ದಕ್ಕಿಂತ ಮನೆಮಂದಿಗೆಲ್ಲ ಒಟ್ಟಿಗೆ ಕೊಟ್ಟಾಗ ಮರುಕಳಿಸುವುದು ಕಡಿಮೆಯಾಯಿತೆಂದು ಮಕ್ಕಳಿರುವ ಮನೆಗಳಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಎಲ್ಲರೂ ಒಂದೇ ವಾರದಲ್ಲಿ ಮಾಡಬೇಕು. ‘ನನಗೇನೂ ಆಗಿಲ್ಲವಲ್ಲ’ ಎನ್ನುವವರನ್ನು ಒಪ್ಪಿಸುವುದು ಕಷ್ಟ, ಅದಕ್ಕೆ ವೈದ್ಯರ ಬಾಯಿಂದಲೇ ಹೇಳಿಸಿದರೆ ಅನುಕೂಲ. ಸಾಕುಪ್ರಾಣಿಗಳನ್ನು ಮೊದಲೇ ಸಂಶಯಿಸಬೇಕಿಲ್ಲ.

ಬಟ್ಟೆ, ಪಾತ್ರೆ, ಕ್ಷೌರದ ವಿಷಯದಲ್ಲಿ ಯಾವ ಎಚ್ಚರಿಕೆ ಬೇಕು?

ಒಬ್ಬರ ಟವೆಲು, ರೇಜರು, ಮೈಯುಜ್ಜುವ ಬ್ರಷ್ಷು ಒಬ್ಬರಿಗೇ ಇರಲಿ. ಬಟ್ಟೆ ತಾಳುವುದಾದರೆ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆದು ಪೂರ್ತಿ ಒಣಗಿಸಬೇಕು. ಪಾತ್ರೆಗಳಿಗೆ ಎಂದಿನ ಸೋಪು ಸಾಕು, ಬೇರೆ ತಟ್ಟೆ ಇಡುವ ಅಗತ್ಯವಿಲ್ಲ. ಕುರು ಏಳುವ ಜಾಗದಲ್ಲಿ ಕೂದಲು ತೆಗೆಯುವುದನ್ನು ಕೆಲವು ತಿಂಗಳು ನಿಲ್ಲಿಸಿ ನೋಡುವುದು ಒಳ್ಳೆಯದು. ತೆಗೆಯಲೇಬೇಕಾದರೆ ಬುಡದವರೆಗೆ ಹೋಗದ ಟ್ರಿಮ್ಮರಿನಿಂದ, ಅಥವಾ ಹೊಸ ಬ್ಲೇಡಿನಿಂದ ಕೂದಲು ಬೆಳೆದ ದಿಕ್ಕಿನಲ್ಲೇ ತೆಗೆಯಬೇಕು.

ಮಕ್ಕಳನ್ನು ಶಾಲೆಗೆ ಕಳಿಸಬಹುದೇ?

ಕುರುವನ್ನು ಒಣ ಪಟ್ಟಿಯಿಂದ ಪೂರ್ತಿ ಮುಚ್ಚಲು ಸಾಧ್ಯವಿದ್ದು, ಜ್ವರವಿಲ್ಲದಿದ್ದರೆ ಕಳಿಸಬಹುದು. ಈಜು ಮತ್ತು ಮೈತಾಗುವ ಆಟಗಳು ಮಾಯುವವರೆಗೆ ಬೇಡ.

ಹಾಲೂಡಿಸುವ ತಾಯಿಯ ಸ್ತನದಲ್ಲಿ ಗಂಟು ಕಟ್ಟಿದರೆ?

ಅದು ಸ್ತನದ ಬಾವಿರಬಹುದು, ಬೇಗ ತೋರಿಸಬೇಕು. ಸಾಮಾನ್ಯವಾಗಿ ಹಾಲೂಡಿಸುವುದನ್ನು ಮುಂದುವರಿಸಬಹುದು, ಮುಂದುವರಿಸುವುದರಿಂದ ಕಟ್ಟಿಕೊಳ್ಳುವುದೂ ತಪ್ಪುತ್ತದೆ.

ಕಲೆಗಳು ಹೋಗುತ್ತವೆಯೇ?

ಕಂದು ಕಲೆಗಳು ತಿಂಗಳುಗಳಲ್ಲಿ ತಿಳಿಯಾಗುತ್ತವೆ, ಬಿಸಿಲಿಗೆ ಒಡ್ಡದಿದ್ದರೆ ಬೇಗ. ಗುಳಿ ಬಿದ್ದ ಅಥವಾ ಉಬ್ಬಿದ ಗುರುತುಗಳು ತಾವಾಗಿ ಹೋಗುವುದಿಲ್ಲ. ಅವುಗಳ ಚಿಕಿತ್ಸೆಯನ್ನು ಹೊಸ ಕುರು ಏಳುವುದು ನಿಂತ ಮೇಲಷ್ಟೇ ಯೋಚಿಸಬೇಕು.

ಎಲ್ಲವನ್ನೂ ಮಾಡಿದ ಮೇಲೂ ಮತ್ತೆ ಬಂತು. ಇನ್ನೇನು ಮಾಡುವುದು?

ಐದು ದಿನದ ಚಿಕಿತ್ಸೆಯಿಂದ ಮೂಗು ಶುಚಿಯಾದರೂ ಅನೇಕರಲ್ಲಿ ಕೆಲವು ತಿಂಗಳಲ್ಲಿ ಸ್ಟ್ಯಾಫ್ ಮರಳಿ ನೆಲೆಸುತ್ತದೆ. ಆದ್ದರಿಂದ ಮತ್ತೊಂದು ಕುರು ಎದ್ದ ಮಾತ್ರಕ್ಕೆ ಸೋತೆವೆಂದು ಕೈಚೆಲ್ಲಬಾರದು. ಮೊದಲು ತಿಂಗಳಿಗೊಂದು ಏಳುತ್ತಿದ್ದದ್ದು ಈಗ ಆರು ತಿಂಗಳಿಗೊಂದಾಗಿದ್ದರೆ ಚಿಕಿತ್ಸೆ ಫಲಿಸಿದೆ ಎಂದೇ ಅರ್ಥ, ಅದನ್ನು ಪುನಃ ಮಾಡಬಹುದು. ಅಂತರ ಸ್ವಲ್ಪವೂ ಹೆಚ್ಚದಿದ್ದರೆ ಪ್ರಶ್ನೆಗಳು ಬೇರೆ: ಮನೆಯವರ ಚಿಕಿತ್ಸೆ ಬಿಟ್ಟುಹೋಯಿತೇ, ಇಸುಬು ಹತೋಟಿಯಲ್ಲಿದೆಯೇ, ಸಕ್ಕರೆ ಪರೀಕ್ಷೆಯಾಯಿತೇ, ಇದು ನಿಜಕ್ಕೂ ಕುರುವೇ ಅಥವಾ ಹೈಡ್ರಾಡೆನೈಟಿಸೇ? ಆಗ ಚರ್ಮರೋಗ ತಜ್ಞರು ಅಥವಾ ಸೋಂಕುರೋಗ ತಜ್ಞರ ಬಳಿ ಹೋಗಬೇಕು.

ಹೋಗುವಾಗ ಒಂದು ಹಾಳೆಯಲ್ಲಿ ಪ್ರತಿ ಕುರುವಿನ ತಾರೀಖು, ಎದ್ದ ಜಾಗ, ಕೊಯ್ದರೇ ಅಥವಾ ತಾನಾಗಿ ಒಡೆಯಿತೇ, ತೆಗೆದುಕೊಂಡ ಔಷಧಿ, ಮನೆಯಲ್ಲಿ ಮತ್ತಾರಿಗೆ ಬಂದಿತ್ತು ಎಂಬುದನ್ನು ಬರೆದುಕೊಂಡು, ಹಳೆಯ ಕಲ್ಚರ್ ವರದಿಗಳನ್ನೂ ಮೊಬೈಲಿನಲ್ಲಿ ತೆಗೆದಿಟ್ಟ ಚಿತ್ರಗಳನ್ನೂ ಜೊತೆಗೆ ಒಯ್ಯಿರಿ. ಹೋದ ದಿನ ಮೈಮೇಲೆ ಕುರು ಇಲ್ಲದಿದ್ದರೂ ಆ ಹಾಳೆಯಿಂದ ತಜ್ಞರಿಗೆ ಅರ್ಧ ದಾರಿ ಗೊತ್ತಾಗುತ್ತದೆ.